ಕಂಬ ನೆಡುವ ಮೊದಲಿನ ಕಡಲು

ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದ ಕಟ್ಟೆಯಲ್ಲಿ ಕುಳಿತು ನಾಲ್ಕು ಮಾತನಾಡಿ ಮನೆಗೆ ಹೋಗುವ ರೂಢಿ ನಮ್ಮ ಧರ್ಮಕೇಂದ್ರದ ಹಿರಿಯರಲ್ಲಿ ಇನ್ನೂ ಉಳಿದಿದೆ. ಅಂಥ ಒಂದು ಆದಿತ್ಯವಾರ, ಬದುಕಿನ ಬಹುಭಾಗವನ್ನು ದೋಣಿಯಲ್ಲೇ ಕಳೆದ ಹಿರಿಯರೊಬ್ಬರು ಕೈಯಲ್ಲಿದ್ದ ಪತ್ರಿಕೆಯನ್ನು ಮಡಚುತ್ತಾ, “ಫಾದರ್, ತಮಿಳುನಾಡಿನ ಕಡಲಲ್ಲಿ ಗಾಳಿಯಂತ್ರ ನಿಲ್ಲಿಸ್ತಾರಂತೆ. ಅದರ ಸದ್ದಿಗೆ ಮೀನು ಓಡಿ ಹೋಗುದಿಲ್ವಾ?” ಎಂದು ಕೇಳಿದರು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಪ್ರಸಂಗ ಮಾಡಿ ರೂಢಿಯಾದ ನಾಲಿಗೆಗೆ ಕಷ್ಟ. “ಹಾಗೇನೂ ಆಗಲಿಕ್ಕಿಲ್ಲ” ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ದಿಟ್ಟಿಸಿ, “ನೋಡಿದವರು ಯಾರು?” ಎಂದರು.

ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ದೊರೆತ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಇದು ತಜ್ಞನ ಲೇಖನವಲ್ಲ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನು ಓದಿದವನೊಬ್ಬನು ‘ನಾವು ಒಂದು ವಿಷಯವನ್ನು ತಿಳಿದಿದ್ದೇವೆ ಎಂದು ಹೇಳಲು ಏನೇನು ಬೇಕು’ ಎಂಬ ಹಳೆಯ ಪ್ರಶ್ನೆಯನ್ನು ಕಡಲ ದಡದಲ್ಲಿ ನಿಂತು ಮತ್ತೊಮ್ಮೆ ಕೇಳಿಕೊಂಡದ್ದು, ಅಷ್ಟೆ.

ನೋಡಿದವರು ಇದ್ದಾರೆ. ಕಡಲಲ್ಲಿ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ವಿದ್ಯುತ್ತನ್ನು ದಡಕ್ಕೆ ತರುವ ಸಾಹಸವನ್ನು ಜಗತ್ತಿನಲ್ಲಿ ಮೊದಲು ಮಾಡಿದ ದೇಶ ಡೆನ್ಮಾರ್ಕ್. 1991ರಲ್ಲಿ ಲೋಲಾಂಡ್ ದ್ವೀಪದ ದಡಕ್ಕೆ ಸಮೀಪ, ವಿಂಡೆಬಿ ಎಂಬಲ್ಲಿ 11 ಯಂತ್ರಗಳು ಎದ್ದು ನಿಂತವು. ಒಂದೊಂದರ ಸಾಮರ್ಥ್ಯ 450 ಕಿಲೋವಾಟ್. ಇಂದಿನ ಯಂತ್ರಗಳ ಮುಂದೆ ಅವು ಆಟಿಕೆಗಳೇ ಸರಿ. ಕಾಲು ಶತಮಾನ ದುಡಿದ ಅವುಗಳನ್ನು 2017ರಲ್ಲಿ ಕಳಚಿ ತೆಗೆಯಲಾಯಿತು. ವಿಂಡೆಬಿಯ ಅನುಭವದ ಬಲದ ಮೇಲೆ ನಿಜವಾಗಿಯೂ ದೊಡ್ಡ ಸ್ಥಾವರಗಳನ್ನು ಕಟ್ಟಲು ಹೊರಟಾಗ, ಡೆನ್ಮಾರ್ಕ್ ಸರಕಾರ ಒಂದು ಶರತ್ತನ್ನು ಮುಂದಿಟ್ಟಿತು: ಇವು ವಿದ್ಯುತ್ತಿನ ಸ್ಥಾವರಗಳಾಗಿರುವಂತೆಯೇ ಪರೀಕ್ಷೆಯ ಸ್ಥಾವರಗಳೂ ಆಗಿರಬೇಕು. ಕಡಲಿನ ಜೀವಿಗಳಿಗೆ ಏನಾಗುತ್ತದೆ ಎಂಬುದನ್ನು ಕಟ್ಟುವ ಮೊದಲು, ಕಟ್ಟುವಾಗ ಮತ್ತು ಕಟ್ಟಿದ ನಂತರ ಅಳೆಯಬೇಕು.

ಹೀಗೆ ಹುಟ್ಟಿದ ಎರಡು ಸ್ಥಾವರಗಳ ಹೆಸರು ಹಾರ್ನ್ಸ್ ರೆವ್ ಮತ್ತು ನೈಸ್ಟೆಡ್. ಮೊದಲನೆಯದು ದೇಶದ ಪಶ್ಚಿಮಕ್ಕೆ, ಅಲೆಗಳ ಅಬ್ಬರಕ್ಕೆ ಹೆಸರಾದ ಉತ್ತರ ಸಮುದ್ರದಲ್ಲಿ. ದಡದಿಂದ 14ರಿಂದ 20 ಕಿಲೋಮೀಟರು ದೂರದಲ್ಲಿ, 2002ರಲ್ಲಿ, ತಲಾ 2 ಮೆಗಾವಾಟ್‌ನ 80 ಯಂತ್ರಗಳು ಅಲ್ಲಿ ತಿರುಗಲಾರಂಭಿಸಿದವು. ಎರಡನೆಯದು ಆಗ್ನೇಯಕ್ಕೆ, ಉಪ್ಪು ಕಡಮೆಯಿರುವ ಶಾಂತವಾದ ಬಾಲ್ಟಿಕ್ ಸಮುದ್ರದಲ್ಲಿ. 2003ರಲ್ಲಿ ಅಲ್ಲಿ 72 ಯಂತ್ರಗಳು ನಿಂತವು. ಇವೆರಡರ ಬುಡಗಳಲ್ಲಿ ಒಂದು ಮುಖ್ಯವಾದ ಭೇದವಿತ್ತು. ಓದುಗರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಹಾರ್ನ್ಸ್ ರೆವ್‌ನಲ್ಲಿ ದೈತ್ಯಾಕಾರದ ಉಕ್ಕಿನ ಕೊಳವೆಗಳನ್ನು ಸುತ್ತಿಗೆಯಂತ್ರದಿಂದ ಕಡಲ ತಳಕ್ಕೆ ಬಡಿದು ಇಳಿಸಲಾಯಿತು. ನೈಸ್ಟೆಡ್‌ನಲ್ಲಿ ಕಾಂಕ್ರೀಟಿನ ಭಾರವಾದ ಪೀಠಗಳನ್ನು ತಂದು, ತಳದ ಮೇಲೆ ಕೂರಿಸಿ, ಕಲ್ಲು ತುಂಬಿಸಲಾಯಿತು.

1999ರಿಂದ 2006ರವರೆಗೆ ನಡೆದ ಈ ಅಧ್ಯಯನಕ್ಕೆ 84 ದಶಲಕ್ಷ ಡೇನಿಶ್ ಕ್ರೋನರ್ ಮೀಸಲಾಗಿತ್ತು. ಆ ಹಣ ಬಂದದ್ದು ವಿದ್ಯುತ್ ಬಳಕೆದಾರರ ಬಿಲ್ಲಿನಿಂದ. ಅಂದರೆ, ದೀಪ ಉರಿಸುವವರೇ ಕಡಲಿನ ಯೋಗಕ್ಷೇಮದ ವಿಚಾರಣೆಯ ಖರ್ಚನ್ನೂ ಹೊತ್ತರು. ವಿದ್ಯುತ್ ಕಂಪೆನಿಗಳು ಮತ್ತು ಸರಕಾರಿ ಇಲಾಖೆಗಳು ತಮ್ಮತಮ್ಮಲ್ಲೇ ಬರೆದು ಮುಗಿಸಿಕೊಳ್ಳದಂತೆ, ಬೇರೆ ದೇಶಗಳ ಕಡಲ ಜೀವಶಾಸ್ತ್ರಜ್ಞರ ಒಂದು ಮಂಡಳಿಯನ್ನು ನೇಮಿಸಿ ಪ್ರತಿ ಹಂತದಲ್ಲೂ ಅವರ ಅಭಿಪ್ರಾಯ ಕೇಳಲಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಗೆ ಬಂದು ಕುಳಿತ ಕ್ಷಣದಲ್ಲೇ ತಾಳೆಯ ಹಣ್ಣು ಬಿದ್ದಿತೆಂದ ಮಾತ್ರಕ್ಕೆ ಕಾಗೆಯೇ ಅದನ್ನು ಬೀಳಿಸಿತೆಂದು ಹೇಳಲಾಗದು. ನಮ್ಮವರು ಇದನ್ನು ಕಾಕತಾಳೀಯ ನ್ಯಾಯ ಎಂದರು. ಸೆಮಿನರಿಯಲ್ಲಿ ನಮಗೆ ಇದೇ ಎಚ್ಚರಿಕೆಯನ್ನು ಲ್ಯಾಟಿನ್ ಭಾಷೆಯ ಒಂದು ಸೂತ್ರದಲ್ಲಿ ಬಾಯಿಪಾಠ ಮಾಡಿಸಿದ್ದರು: ಒಂದರ ನಂತರ ಬಂದದ್ದೆಲ್ಲ ಅದರ ಕಾರಣದಿಂದಲೇ ಬಂದದ್ದಲ್ಲ. ಈಗ ಕಡಲನ್ನು ನೋಡಿ. ಗಾಳಿಯಂತ್ರ ನಿಂತ ಮರುವರ್ಷ ಮೀನು ಕಡಮೆಯಾಯಿತೆನ್ನೋಣ. ಯಂತ್ರದಿಂದಲೋ, ನೀರಿನ ಉಷ್ಣತೆ ಬದಲಾದದ್ದರಿಂದಲೋ, ಹಿಂದಿನ ವರ್ಷ ಮರಿಮೀನುಗಳನ್ನೂ ಬಿಡದೆ ಬಾಚಿದ್ದರಿಂದಲೋ? ಹೆಚ್ಚಾಯಿತೆಂದರೂ ಇದೇ ಪ್ರಶ್ನೆ ಏಳುತ್ತದೆ. ಭೂತಾಯಿ ಒಂದು ವರ್ಷ ರಾಶಿ ಬಿದ್ದು ಮತ್ತೊಂದು ವರ್ಷ ಕಣ್ಣಿಗೇ ಬೀಳದಿರುವುದು ನಮ್ಮ ಕರಾವಳಿಯವರಿಗೆ ಹೊಸತೇನಲ್ಲ. ಅಲ್ಲಿ ಯಾವ ಯಂತ್ರವೂ ಇರಲಿಲ್ಲ.

ಈ ತೊಡಕಿಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸರಳವಾದರೂ ತಾಳ್ಮೆಯನ್ನು ಬೇಡುವಂಥದು. ಎರಡು ಪ್ರದೇಶಗಳನ್ನು ಆರಿಸಬೇಕು: ಒಂದು, ಯಂತ್ರಗಳು ಬರುವ ಜಾಗ, ಇನ್ನೊಂದು, ಸ್ವಭಾವದಲ್ಲಿ ಅದನ್ನೇ ಹೋಲುವ, ಆದರೆ ಯಂತ್ರ ಬಾರದ ಜಾಗ. ಎರಡನ್ನೂ ಕೆಲಸ ಆರಂಭವಾಗುವ ಮೊದಲೇ ಕೆಲವು ಕಾಲ ಅಳೆಯಬೇಕು, ಅನಂತರವೂ ಅಳೆಯಬೇಕು. ಬದಲಾವಣೆ ಎರಡೂ ಕಡೆ ಒಂದೇ ತೆರನಾಗಿದ್ದರೆ ಅದು ಕಡಲಿನದೇ ಏರಿಳಿತ. ಒಂದೇ ಕಡೆ ಕಂಡರೆ ಯಂತ್ರವನ್ನು ಸಂಶಯಿಸಲು ಆಧಾರವಿದೆ. ಇದರಲ್ಲಿ ‘ಮೊದಲು’ ಎಂಬ ಭಾಗವೇ ಪ್ರಾಣ. ನಂತರದ ಅಳತೆಯನ್ನು ಯಾವಾಗ ಬೇಕಾದರೂ ಮಾಡಬಹುದು. ಮೊದಲಿನ ಅಳತೆ ತಪ್ಪಿಹೋದರೆ ಎಷ್ಟು ಕೋಟಿ ಸುರಿದರೂ ಅದು ಮರಳಿ ಸಿಗದು.

ಫಲಿತಾಂಶಗಳಲ್ಲಿ ಹಕ್ಕಿಗಳ ಸಂಗತಿಯನ್ನು ಮೊದಲು ಹೇಳುತ್ತೇನೆ. ಗಾಳಿಯಂತ್ರವೆಂದೊಡನೆ ಜನರ ಕಣ್ಣ ಮುಂದೆ ಬರುವುದು ರೆಕ್ಕೆಗೆ ಸಿಕ್ಕಿ ಸಾಯುವ ಹಕ್ಕಿಯೇ. ನೈಸ್ಟೆಡ್ ಬಳಿ ಶರತ್ಕಾಲದಲ್ಲಿ ಸುಮಾರು 2,35,000 ಈಡರ್ ಬಾತುಗಳು ವಲಸೆ ಹೋಗುತ್ತವೆ. ರಾಡಾರ್ ಹಿಡಿದು ಹಗಲೂ ರಾತ್ರಿಯೂ ಅವುಗಳ ದಾರಿಯನ್ನು ಗುರುತಿಸಿದಾಗ ಕಂಡದ್ದು ಏನೆಂದರೆ, ಹಿಂಡುಗಳು ದೂರದಿಂದಲೇ ಯಂತ್ರಗಳ ಸಾಲನ್ನು ಅರಿತು ಪಕ್ಕಕ್ಕೆ ತಿರುಗುತ್ತವೆ. ನಡುವೆ ನುಗ್ಗಿದವು ಕೂಡ ಸಾಲುಗಳ ಮಧ್ಯದ ಓಣಿಯನ್ನೇ ಹಿಡಿಯುತ್ತವೆ. ಬಾತು ಮತ್ತು ಹೆಬ್ಬಾತುಗಳಲ್ಲಿ ಅಪಾಯವಾಗುವಷ್ಟು ಸಮೀಪ ಹೋದವು ಶೇಕಡಾ ಒಂದಕ್ಕಿಂತಲೂ ಕಡಮೆ. ಒಂದು ಶರತ್ಕಾಲದಲ್ಲಿ ಬಡಿದು ಸಾಯಬಹುದಾದ ಈಡರ್‌ಗಳ ಸಂಖ್ಯೆ ಐವತ್ತರ ಒಳಗೆ ಎಂದು ಲೆಕ್ಕ ಹಾಕಲಾಯಿತು. ಯಂತ್ರವೊಂದಕ್ಕೆ ಉಷ್ಣವನ್ನು ಗ್ರಹಿಸುವ ಕ್ಯಾಮೆರಾ ಕಟ್ಟಿ 2,400 ಗಂಟೆಗಳಿಗೂ ಮೀರಿ ಕಾದಾಗ ದಾಖಲಾದ ಬಡಿತ ಒಂದೇ ಒಂದು. ಅದೂ ಒಂದು ಪುಟ್ಟ ಜೀವಿ, ಹಕ್ಕಿಯೋ ಬಾವಲಿಯೋ ಎಂಬುದು ನಿಶ್ಚಯವಾಗಲಿಲ್ಲ.

ಆದರೆ ಸಾಯದಿರುವುದು ಒಂದು, ನೆಲೆ ಕಳೆದುಕೊಳ್ಳದಿರುವುದು ಇನ್ನೊಂದು. ಕೆಂಪು ಕೊರಳಿನ ಡೈವರ್ ಹಕ್ಕಿಗಳು ಹಾರ್ನ್ಸ್ ರೆವ್ ಪ್ರದೇಶವನ್ನು ಬಹುತೇಕ ಬಿಟ್ಟೇ ಹೋದವು. ಸ್ಕೋಟರ್ ಎಂಬ ಕಪ್ಪು ಕಡಲಬಾತುಗಳೂ ದೂರ ಸರಿದವು. 2006ರಲ್ಲಿ ಅಂತಿಮ ಗ್ರಂಥ ಪ್ರಕಟವಾದಾಗ ಸ್ಕೋಟರ್‌ಗಳು ಯಂತ್ರಗಳ ನಡುವೆ ಬರುವುದಿಲ್ಲ ಎಂಬುದೇ ತಿಳಿವಳಿಕೆಯಾಗಿತ್ತು. ಗ್ರಂಥ ಹೊರಬಂದ ಮರುವರ್ಷ, 2007ರಲ್ಲಿ, ವಿಮಾನದಿಂದ ಎಣಿಕೆ ಮಾಡಿದಾಗ ಅವೇ ಬಾತುಗಳು ಯಂತ್ರಗಳ ನಡುವೆ ದೊಡ್ಡ ಸಂಖ್ಯೆಯಲ್ಲಿ ಮೇಯುತ್ತಿದ್ದವು! ಹೆದರಿಕೆ ಕಳೆಯಿತೋ, ಅಥವಾ ಅವುಗಳ ಆಹಾರವಾದ ಚಿಪ್ಪುಜೀವಿಗಳು ಆ ವರ್ಷ ಅಲ್ಲಿ ಹೆಚ್ಚಿದವೋ, ಯಾರು ಬಲ್ಲರು? ಅಧ್ಯಯನ 2006ರಲ್ಲೇ ನಿಂತುಹೋಗಿದ್ದರೆ, ಸತ್ಯದ ಅರ್ಧ ಭಾಗವೇ ಪೂರ್ಣ ಸತ್ಯವಾಗಿ ಜಗತ್ತಿನ ಎಲ್ಲ ವರದಿಗಳಲ್ಲೂ ನಕಲಾಗುತ್ತಿತ್ತು.

ತಳದ ಜೀವಿಗಳ ವಿಷಯ ಬೇಗನೆ ಹೇಳಬಹುದು. ಬರಿಯ ಮರಳಿದ್ದಲ್ಲಿ ಕಂಬವೂ ಕಲ್ಲೂ ಬಂದುದರಿಂದ, ಗಟ್ಟಿ ನೆಲೆ ಬೇಕಾದ ಜೀವಿಗಳೆಲ್ಲ ಬಂದು ಅಂಟಿಕೊಂಡವು. ನೈಸ್ಟೆಡ್‌ನ ನೀರಿನಲ್ಲಿ ಉಪ್ಪು ಕಡಮೆಯಾದ ಕಾರಣ ನಕ್ಷತ್ರಮೀನುಗಳಿಲ್ಲ. ತಿನ್ನುವವರಿಲ್ಲದೆ ನಮ್ಮ ಪಚ್ಚಿಲೆಯ ಬಂಧುಗಳು ಕಂಬದ ತುಂಬ ದಟ್ಟೈಸಿದವು. ಮೀನುಗಳ ವಿಷಯದಲ್ಲಿ ದೊಡ್ಡ ಲಾಭವೂ ದೊಡ್ಡ ನಷ್ಟವೂ ಆ ವರ್ಷಗಳಲ್ಲಿ ಕಾಣಲಿಲ್ಲ. ನೈಸ್ಟೆಡ್ ಸಮೀಪದ ರೋಡ್‌ಸಾಂಡ್ ಮರಳುದಿಬ್ಬದಲ್ಲಿ ಮಲಗುವ ಸೀಲ್‌ಗಳ ಮೈಗೆ ಉಪಗ್ರಹ ಸಾಧನ ಅಂಟಿಸಿ ಅವುಗಳ ಓಡಾಟವನ್ನು ಹಿಂಬಾಲಿಸಿದರು. ಉಕ್ಕಿನ ಹಲಗೆಗಳನ್ನು ಬಡಿದು ಇಳಿಸಿದ ದಿನಗಳಲ್ಲಿ ದಿಬ್ಬವೇರುವ ಸೀಲ್‌ಗಳು ಕಡಮೆಯಾದವು, ಆಮೇಲೆ ಎಂದಿನಂತಾಯಿತು.

ಪೋರ್ಪಾಯ್ಸ್‌ನ ಕಥೆ ಮಾತ್ರ ಹೀಗೆ ಮುಗಿಯುವಂಥದಲ್ಲ. ಇದು ಡಾಲ್ಫಿನ್‌ನ ಹತ್ತಿರದ ಸಂಬಂಧಿ, ಮನುಷ್ಯನಿಗಿಂತ ಗಿಡ್ಡದಾದ ಪುಟ್ಟ ತಿಮಿಂಗಿಲ. ಬೆನ್ನುರೆಕ್ಕೆಯಿಲ್ಲದ ಇದರ ಒಂದು ಬಂಧು ನಮ್ಮ ಕರಾವಳಿಯ ನೀರಿನಲ್ಲೂ ಇದೆ. ಮಂದ ಬೆಳಕಿನ ಕಡಲಲ್ಲಿ ಇದು ಕಣ್ಣಿಗಿಂತ ಕಿವಿಯಿಂದಲೇ ಬದುಕುವ ಪ್ರಾಣಿ. ಮನುಷ್ಯನ ಕಿವಿಗೆ ನಿಲುಕದ ಸೂಕ್ಷ್ಮವಾದ ಟಿಕ್ ಟಿಕ್ ಶಬ್ದವನ್ನು ಹೊರಡಿಸಿ, ಅದರ ಮಾರ್ದನಿಯಿಂದ ಬೇಟೆಯನ್ನು ಕಂಡುಕೊಳ್ಳುತ್ತದೆ. ವಿಜ್ಞಾನಿಗಳು ಆ ಸದ್ದನ್ನು ಹಿಡಿಯುವ ಪುಟ್ಟ ಯಂತ್ರಗಳನ್ನು ನೀರಿನಲ್ಲಿ ತೂಗುಬಿಟ್ಟು, ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವೆ ಎಷ್ಟು ಹೊತ್ತು ಮೌನವಿತ್ತೆಂದು ಬರೆದಿಟ್ಟರು.

ಹಾರ್ನ್ಸ್ ರೆವ್‌ನಲ್ಲಿ ಸುತ್ತಿಗೆಯ ಬಡಿತಕ್ಕೆ ಅವು ದೂರ ಓಡಿದವು. ಕೆಲಸ ಮುಗಿದ ಮೇಲೆ ಹಿಂತಿರುಗಿದವು. ಸುತ್ತಿಗೆಯೇ ದೋಷಿಯೆಂದಾದರೆ, ಪೀಠಗಳನ್ನು ಮೆಲ್ಲನೆ ಕೂರಿಸಿದ ನೈಸ್ಟೆಡ್‌ನಲ್ಲಿ ತೊಂದರೆ ಇನ್ನೂ ಕಡಮೆಯಿರಬೇಕಿತ್ತಲ್ಲವೆ? ತರ್ಕವೇನೋ ಹಾಗೆನ್ನುತ್ತದೆ. ಅಲ್ಲಿ ಬಡಿತ ನಡೆದದ್ದು ಒಂದೇ ಒಂದು ಬುಡದ ಸುತ್ತ. ಆದರೂ ಮೊದಲು ಸರಾಸರಿ 6 ಗಂಟೆಗಳಿದ್ದ ಮೌನ, ನಿರ್ಮಾಣದ ಕಾಲದಲ್ಲಿ 3 ದಿನಗಳಿಗೆ ಏರಿತು. ಯಂತ್ರಗಳು ತಿರುಗಲಾರಂಭಿಸಿದ ಮೇಲೂ ಪ್ರಾಣಿಗಳು ಮೊದಲಿನಂತೆ ಬರಲಿಲ್ಲ. ಅಧ್ಯಯನವನ್ನು ಮುಂದುವರಿಸಿದ ಇಬ್ಬರು ಡೇನಿಶ್ ವಿಜ್ಞಾನಿಗಳು, ಟೈಲ್‌ಮನ್ ಮತ್ತು ಕಾರ್ಸ್ಟೆನ್ಸನ್, 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸುಮಾರು ಹತ್ತು ವರ್ಷಗಳಾದರೂ ಅಲ್ಲಿನ ಪೋರ್ಪಾಯ್ಸ್ ಸದ್ದು ಮೂಲಸ್ಥಿತಿಯ ಶೇಕಡಾ 29ಕ್ಕೆ ಮಾತ್ರ ತಲುಪಿತ್ತು. ಒಂದು ಹಂತದಲ್ಲಿ ಅದು ಶೇಕಡಾ 11ಕ್ಕೆ ಇಳಿದಿತ್ತು. ಅತ್ತ ಹಾಲೆಂಡಿನ ಎಗ್ಮಂಡ್ ಆನ್ ಝೇ ಸ್ಥಾವರದಲ್ಲಿ ಇದೇ ಬಗೆಯ ಸಾಧನಗಳನ್ನು ಇಳಿಸಿದವರಿಗೆ ಇದಕ್ಕೆ ತೀರಾ ವಿರುದ್ಧವಾದ ಉತ್ತರ ದೊರೆಯಿತು: ಹೊರಗಿಗಿಂತ ಯಂತ್ರಗಳ ನಡುವೆಯೇ ಅವು ಹೆಚ್ಚು! ಹಡಗುಗಳ ಓಡಾಟವಿಲ್ಲದ ನೆಮ್ಮದಿಯೋ, ಕಂಬದ ಬುಡದ ಆಹಾರವೋ ಅವನ್ನು ಸೆಳೆದಿರಬಹುದು.

ಒಂದೇ ಪ್ರಾಣಿ, ಮೂರು ಕಡಲು, ಮೂರು ಉತ್ತರ. ಆಹಾರ ಸಮೃದ್ಧವಾಗಿರುವಲ್ಲಿ ಪ್ರಾಣಿ ಗದ್ದಲವನ್ನು ಸಹಿಸಿಯೂ ಮರಳುತ್ತದೆ, ಅಷ್ಟಕ್ಕಷ್ಟೇ ಇರುವಲ್ಲಿ ಬೇರೆ ದಾರಿ ನೋಡಿಕೊಳ್ಳುತ್ತದೆ ಎಂದು ಊಹಿಸಬಹುದು. ಆದರೆ ಊಹೆಗಿಂತ ಮುಖ್ಯವಾದದ್ದು ಬೇರೊಂದಿದೆ. ಹಾರ್ನ್ಸ್ ರೆವ್‌ನ ವರದಿಯನ್ನು ತಂದು ನೈಸ್ಟೆಡ್‌ನ ಕಡತಕ್ಕೆ ಲಗತ್ತಿಸಿದ್ದರೆ ಅದು ತಪ್ಪು ವರದಿಯಾಗುತ್ತಿತ್ತು. ಎರಡೂ ಒಂದೇ ದೇಶದವು, ಒಂದೇ ಕಾಲದವು, ಒಂದೇ ವಿಜ್ಞಾನಿಗಳ ಕೈಯಲ್ಲಿದ್ದವು ಎಂಬುದನ್ನು ಮರೆಯಬಾರದು. ಹಾಗಿರುವಾಗ ಉತ್ತರ ಸಮುದ್ರದ ಕಡತವನ್ನು ಭಾರತದ ಕಡಲಿಗೆ ಲಗತ್ತಿಸಬಹುದೆಂದು ನಂಬುವುದು ಹೇಗೆ?

ಅಳತೆಗಳು ಕಪಾಟು ಸೇರಿ ಧೂಳು ತಿನ್ನಲಿಲ್ಲ ಎಂಬುದನ್ನೂ ಹೇಳಬೇಕು. ಹಾರ್ನ್ಸ್ ರೆವ್‌ನ ಎರಡನೆಯ ಸ್ಥಾವರವನ್ನು ಕಟ್ಟುವಾಗ ಸುತ್ತಿಗೆಯ ಸದ್ದಿಗೆ ಪೋರ್ಪಾಯ್ಸ್‌ಗಳು ಸುಮಾರು 18 ಕಿಲೋಮೀಟರಿನವರೆಗೂ ಪ್ರತಿಕ್ರಿಯಿಸಿದ್ದು ದಾಖಲಾಯಿತು. ಜರ್ಮನಿಯು ಬಡಿತದ ಜಾಗದಿಂದ 750 ಮೀಟರು ದೂರದಲ್ಲಿ ಸದ್ದು 160 ಡೆಸಿಬೆಲ್ ಮೀರಬಾರದೆಂದು ಮಿತಿ ಹಾಕಿತು. ಆ ಮಿತಿಯೊಳಗೆ ಉಳಿಯಲು ಎಂಜಿನಿಯರುಗಳು ಕಂಬದ ಸುತ್ತ ಕಡಲ ತಳದಲ್ಲಿ ತೂತುಗಳಿರುವ ಕೊಳವೆಯನ್ನು ಹಾಸಿ, ಗಾಳಿ ಊದಿ, ಗುಳ್ಳೆಗಳ ಪರದೆಯನ್ನೇ ಎಬ್ಬಿಸುವ ವಿಧಾನವನ್ನು ಬಳಕೆಗೆ ತಂದರು. ಗುಳ್ಳೆಗಳ ಗೋಡೆ ಸದ್ದಿನ ಬಹುಭಾಗವನ್ನು ನುಂಗಿಬಿಡುತ್ತದೆ. ನೀರಿನೊಳಗಿನ ಡೆಸಿಬೆಲ್ಲಿನ ಅಂಕೆಯನ್ನು ನಮ್ಮ ಜಾತ್ರೆಯ ಧ್ವನಿವರ್ಧಕದ ಅಂಕೆಯೊಡನೆ ಹೋಲಿಸಬಾರದೆಂದು ತಿಳಿದವರು ಹೇಳುತ್ತಾರೆ, ಅಳತೆಗೋಲೇ ಬೇರೆಯಂತೆ.

ಈಗ ನಮ್ಮ ಕಡಲಿಗೆ ಬರೋಣ. ಭಾರತ ಸರಕಾರದ ಕಡಲ ಗಾಳಿವಿದ್ಯುತ್ ನೀತಿ ಹೊರಬಂದದ್ದು 2015ರಲ್ಲಿ. ಆದ್ಯತೆ ದೊರೆತದ್ದು ಗುಜರಾತ್ ಮತ್ತು ತಮಿಳುನಾಡಿನ ಕರಾವಳಿಗೆ. ನಮ್ಮ ಕರ್ನಾಟಕದ ಕರಾವಳಿ ಆ ಮೊದಲ ಸಾಲಿನಲ್ಲಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಈ ಎರಡು ರಾಜ್ಯಗಳಲ್ಲಿ ತಲಾ 500 ಮೆಗಾವಾಟ್‌ಗೆ ನೆರವು ನೀಡಲು 7,453 ಕೋಟಿ ರೂಪಾಯಿಗಳ ಯೋಜನೆಯನ್ನು ಅಂಗೀಕರಿಸಿತು. ಗಾಳಿವಿದ್ಯುತ್ ಬೇಡವೆಂಬ ವಾದ ನನ್ನದಲ್ಲ. ಕಲ್ಲಿದ್ದಲು ಸುಟ್ಟು ಬದುಕುವ ದೇಶಕ್ಕೆ ಅದು ಬೇಕೇ ಬೇಕು. ಬಿಸಿಯೇರುತ್ತಿರುವ ಕಡಲು ಪೋರ್ಪಾಯ್ಸ್‌ಗೂ ಒಳ್ಳೆಯದಲ್ಲ, ಬೈಗೆಗೂ ಒಳ್ಳೆಯದಲ್ಲ. ಆದರೆ ತಮಿಳುನಾಡಿನ ದಕ್ಷಿಣದ ಕಡಲೆಂದರೆ ಮನ್ನಾರ್ ಕೊಲ್ಲಿಯ ನೆರೆ. 21 ದ್ವೀಪಗಳ ಸುತ್ತ ಹವಳದ ದಿಬ್ಬಗಳು, ಕಡಲಹುಲ್ಲಿನ ಬಯಲು, ಆ ಹುಲ್ಲನ್ನೇ ಮೇಯುವ, ಅಳಿವಿನ ಅಂಚಿನಲ್ಲಿರುವ ಡುಗಾಂಗ್ ಎಂಬ ಕಡಲಹಸು. 1986ರಲ್ಲೇ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿದೆ. ಡೆನ್ಮಾರ್ಕಿನಲ್ಲಿ ಡುಗಾಂಗ್ ಇಲ್ಲ. ಅದರ ಕಿವಿ ಸುತ್ತಿಗೆಯ ಸದ್ದಿಗೆ ಏನೆನ್ನುತ್ತದೆಂದು ಡೇನಿಶ್ ವರದಿ ಹೇಳಲಾರದು.

ಆ ದಡ ನಮ್ಮ ಓದುಗರಿಗೆ ಅಪರಿಚಿತವಲ್ಲ. ಸಂತ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಕಾಲಿಟ್ಟ ಮುತ್ತಿನ ಕರಾವಳಿ ಅದು. ಕನ್ಯಾಕುಮಾರಿಯಿಂದ ತೂತ್ತುಕುಡಿಯವರೆಗೆ ಊರೂರಿನ ಬಿಳಿ ದೇವಾಲಯಗಳ ನೆರಳಲ್ಲಿ ಬಲೆ ಹೆಣೆಯುವ ಪರವರ್, ಮುಕ್ಕುವರ್ ಕುಟುಂಬಗಳು ಇಂದಿಗೂ ಕಡಲನ್ನೇ ನಂಬಿವೆ. ಪೋಪ್ ಫ್ರಾನ್ಸಿಸ್ 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪರಿಸರ ಪರಿಣಾಮದ ಮೌಲ್ಯಮಾಪನವನ್ನು ಹೆಸರಿಸಿಯೇ ಪ್ರಸ್ತಾಪಿಸಿದ್ದಾರೆ. ವ್ಯವಹಾರದ ನಕ್ಷೆ ಸಿದ್ಧವಾದ ಮೇಲೆ ಅದನ್ನು ಬಾಲದಂತೆ ಅಂಟಿಸಬಾರದು, ಆರಂಭದಿಂದಲೇ ಇರಬೇಕು, ಸ್ಥಳೀಯ ನಿವಾಸಿಗಳಿಗೆ ಅದರಲ್ಲಿ ವಿಶೇಷ ಸ್ಥಾನವಿರಬೇಕು ಎಂಬುದು ಅದರ ತಾತ್ಪರ್ಯ.

ಈ ಎಲ್ಲವನ್ನೂ ಎರಡು ವಾರಗಳ ನಂತರ ಅದೇ ಕಟ್ಟೆಯಲ್ಲಿ ಕುಳಿತು ಹಿರಿಯರಿಗೆ ವಿವರಿಸಿದೆ. ಅವರು ಬಾತುಗಳ ವಿಷಯಕ್ಕೆ ನಕ್ಕರು, ಪೋರ್ಪಾಯ್ಸ್ ವಿಷಯಕ್ಕೆ ತಲೆದೂಗಿದರು. ಕೊನೆಗೆ, “ಮೀನು ಓಡಿಹೋಗದಿದ್ದರೂ, ಅಲ್ಲಿಗೆ ಹೋಗಿ ಬಲೆ ಬಿಡಲಿಕ್ಕೆ ಅವರು ಬಿಡ್ತಾರಾ?” ಎಂದರು. ಇಷ್ಟು ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮೀನಿನ ಪ್ರಶ್ನೆಯೂ ಮೀನುಗಾರನ ಪ್ರಶ್ನೆಯೂ ಬೇರೆ ಬೇರೆ. ಡೆನ್ಮಾರ್ಕಿನಲ್ಲಿ ಕಡಲ ತಳದ ವಿದ್ಯುತ್ ಕೇಬಲಿನ ಎರಡೂ ಬದಿಗೆ 200 ಮೀಟರಿನೊಳಗೆ ಲಂಗರು ಹಾಕುವಂತಿಲ್ಲ, ತಳ ಗೋರುವ ಟ್ರಾಲ್ ಬಲೆ ಎಳೆಯುವಂತಿಲ್ಲ. ಕಂಬದಿಂದ ಕಂಬಕ್ಕೆ ಕೇಬಲು ಹರಿದಿರುವ ಸ್ಥಾವರದಲ್ಲಿ, ಅಂಥ ಬಲೆಯವರಿಗೆ ಇಡೀ ಪ್ರದೇಶವೇ ಮುಚ್ಚಿದಂತೆ. ಅದಕ್ಕೆ ಅಲ್ಲಿಯ ಕಾನೂನು ಪರಿಹಾರದ ಮಾತುಕತೆಯನ್ನು ವಿಧಿಸಿದೆ ಎಂದೆ.

“ಪರಿಹಾರ ಕೊಡಬೇಕಾದರೆ ಮೊದಲು ಎಷ್ಟು ಸಿಗ್ತಿತ್ತು ಅಂತ ತೋರಿಸಬೇಕಲ್ಲ ಫಾದರ್. ನಮ್ಮಲ್ಲಿ ನಾಡದೋಣಿಯವರು ಎಲ್ಲಿ ಬರೆದಿಡ್ತಾರೆ?” ಎಂದು ಅವರು ಎದ್ದು ನಿಂತು, ಲುಂಗಿಗೆ ಅಂಟಿದ್ದ ಕಟ್ಟೆಯ ಧೂಳನ್ನು ಕೊಡವಿಕೊಂಡರು. ಅವರ ಮಗನ ದೋಣಿ ಮರಳುವ ಹೊತ್ತಾಗಿತ್ತು.